ಇತರೆ ಖರ್ಚು

ವಿಜಯಪುರದ ಸ್ಟೇಷನ್ ರಸ್ತೆ, ನಮ್ಮ ಆಸ್ಪತ್ರೆ.
ಬಿಲ್ಲಿನ ಕಿಟಕಿಯ ಗಾಜಿಗೆ ದರಪಟ್ಟಿ ಅಂಟಿಸಿದ್ದಾರೆ,
ಆಚೆ ನಿಂತವರ ಮುಖ ಕಾಣುವುದಿಲ್ಲ.
ಕೆಳಗಿನ ಕಿಂಡಿಯಿಂದ ಕೈಗಳಷ್ಟೇ ಬರುತ್ತವೆ:
ತಿಕೋಟಾದ ದ್ರಾಕ್ಷಿ ಕತ್ತರಿಸಿ ಕಲೆಗಟ್ಟಿದ ಬೆರಳು,
ಇಂಡಿಯ ನಿಂಬೆಚೀಲ ಹೊತ್ತ ಅಂಗೈ,
ಕುಪ್ಪಸದೊಳಗಿಂದ ತೆಗೆದ, ಇನ್ನೂ ಬೆಚ್ಚಗಿರುವ ನೋಟು.
ಆರು ವರ್ಷದಿಂದ ಈ ಜಿಲ್ಲೆಯನ್ನು ನಾನು
ಕೈಗಳಿಂದಲೇ ಗುರುತು ಹಿಡಿಯುತ್ತೇನೆ.

ಲಾಲಬಿಯ ಗಂಡನಿಗೆ ಹೆಬ್ಬೆರಳು ಅರ್ಧವೇ.
ಮೇವು ಕತ್ತರಿಸುವ ಮಷಿನ್ನು, ಎಂದ. ನಾನೇನು ಕೇಳಿರಲಿಲ್ಲ.
ಅವಳದು ಮೊದಲ ಹೆರಿಗೆ, ಸಿಜೇರಿಯನ್.
ಐದು ದಿನದ ಲೆಕ್ಕ ಹೇಳಿದ್ದೆವು.
ಹೊಲಿಗೆ ಕೀವು ಹಿಡಿಯಿತು. ಹದಿನಾರು ದಿನ.
ಬೆಡ್ಡು, ಡ್ರೆಸ್ಸಿಂಗು, ಮೇಲ್ದರ್ಜೆಯ ಇಂಜೆಕ್ಷನ್ನು,
ಇನ್ನೊಮ್ಮೆ ಥಿಯೇಟರು, ಇನ್ನೊಮ್ಮೆ ಅರಿವಳಿಕೆ,
ಎಲ್ಲ ನಾನೇ ಟೈಪು ಮಾಡಿದೆ, ಒಂದಕ್ಷರ ತಪ್ಪದೆ.
ಅವನು ಮೊದಲು ಎರಡು ಆಡು ಮಾರಿದ, ಆಮೇಲೆ ಬೈಕು.
ಬಿಲ್ಲು ಸರಿಯಾಗಿಯೇ ಇತ್ತು.
ಕೀವು ಯಾರ ಕೈಯಿಂದ ಬಂತು ಅನ್ನುವುದಕ್ಕೆ
ಬಿಲ್ಲಿನಲ್ಲಿ ಸಾಲಿಲ್ಲ.

ಆ ಮಳೆಗಾಲ ಇನ್‌ಚಾರ್ಜ್ ಆಗಿ ಬಂದರು
ಸಿಸ್ಟರ್ ಕಸ್ತೂರಿ ಬಿರಾದಾರ, ಸಿಂದಗಿ ಕಡೆಯವರು,
ಮಾತು ರೊಟ್ಟಿ ಬಡಿದ ಹಾಗೆ.
ಮೊದಲ ವಾರ ಅದೂ ಇಲ್ಲ.
ವಾರ್ಡಿನ ಮೂಲೆಯಲ್ಲಿ ಸ್ಟೂಲು ಹಾಕಿ ಕೂತು
ಯಾರು ಯಾವಾಗ ಕೈ ತೊಳೆದರು ಎಂದು
ಹಳೇ ಕ್ಯಾಲೆಂಡರಿನ ಬೆನ್ನಿಗೆ ಗೀಟು ಹಾಕಿದರು.
ಹತ್ತಕ್ಕೆ ಮೂರು.
ದೊಡ್ಡ ಡಾಕ್ಟರದು ಹತ್ತಕ್ಕೆ ಎರಡು.
ಹಾಗೇ ಗೋಡೆಗೆ ಅಂಟಿಸಿದರು, ಹೆಸರಿನ ಸಮೇತ.

ಗದ್ದಲವಾಯಿತು, ಆಗದೆ ಇರುತ್ತದೆಯೇ.
"ಸಿಟ್ಟ ಆಮ್ಯಾಲೆ ಮಾಡ್ರಿ ಸರ್,
ಮೊದಲ ಆ ನಳ ರಿಪೇರಿ ಮಾಡಸ್ರಿ."
ನಳ ಎರಡು ವರ್ಷದಿಂದ ಕೆಟ್ಟಿದ್ದು ನಿಜ.
ಅದರ ಕೊಟೇಶನ್ನು ನನ್ನ ಫೈಲಿನಲ್ಲೇ ಇತ್ತು.

ಸಾಬೂನು, ಕೈಗೆ ಹಚ್ಚುವ ದ್ರಾವಣ, ಕಾಗದದ ಟವೆಲ್ಲು:
ತಿಂಗಳಿಗೆ ನಾಲ್ಕು ಸಾವಿರದ ಇನ್ನೂರು.
ಯಾವ ಖಾತೆಗೆ ಹಾಕಲಿ? ಔಷಧವಲ್ಲ, ಉಪಕರಣವಲ್ಲ.
'ಇತರೆ' ಎಂದು ಬರೆದೆ.

ಎಳ್ಳಮಾವಾಸ್ಯೆ ಹೊತ್ತಿಗೆ ಹೊಲಿಗೆಗಳು
ತಮ್ಮ ಪಾಡಿಗೆ ಒಣಗತೊಡಗಿದವು.
ಬಾಣಂತಿಯರು ನಾಲ್ಕನೇ ದಿನಕ್ಕೇ ಗಂಟು ಕಟ್ಟಿದರು.
ವಾರ್ಡಿನಲ್ಲಿ ಬೆಡ್ಡುಗಳು ಖಾಲಿ,
ಹಾಸಿದ ಚಾದರಿನ ಮಡಿಕೆಯೂ ಕೆಡದೆ.

ಮಾರ್ಚಿನ ಮೀಟಿಂಗು. ಚೇರಮನ್ನರು ಕನ್ನಡಕ ತೆಗೆದು,
"ಉತ್ಪನ್ನ ಯಾಕ ಇಳದೈತಿ?"
ನನ್ನ ಹಾಳೆಯಲ್ಲಿ ಬಂದವರಿದ್ದರು, ಕೊಟ್ಟವರಿದ್ದರು.
ಕೀವಾಗದ ಹೊಲಿಗೆಗೆ ಕಾಲಮ್ಮಿರಲಿಲ್ಲ.
ಮಾರದೆ ಉಳಿದ ಆಡಿಗೆ ಇರಲಿಲ್ಲ.
ಯಾರೋ 'ಇತರೆ' ಮೇಲೆ ಬೆರಳಿಟ್ಟರು:
"ಇದನ್ನರ ಕಡಿಮಿ ಮಾಡಬಹುದಲ್ಲ?"
ಸಿಸ್ಟರ್ ಬಾಗಿಲ ಬಳಿಯಿಂದಲೇ ಅಂದರು,
"ಹೊಲಿಗಿ ಕೆಟ್ರ ನಮಗ ರೊಕ್ಕ, ಕೂಡಿದ್ರ ಲುಕ್ಸಾನ.
ಇದ್ಯಾವ ನಮೂನಿ ಅಂಗಡಿರಿ?"
ಚಹಾ ಬಂತು. ಎಲ್ಲರೂ ಕಪ್ಪು ತೆಗೆದುಕೊಂಡರು.
ನನ್ನ ಹತ್ತಿರ ಹಳೆಯ ಬಿಲ್ಲುಗಳಿದ್ದವು, ತೋರಿಸಬಹುದಿತ್ತು.
ತೋರಿಸಲಿಲ್ಲ. ನನಗೂ ಮನೆಯ ಕಂತಿದೆ.

ಮೊನ್ನೆ ಅದೇ ಅರ್ಧ ಹೆಬ್ಬೆರಳು ಕಿಂಡಿಗೆ ಬಂತು.
ಎರಡನೇ ಹೆರಿಗೆ.
ಈ ಸಲ ಹದಿನಾರು ದಿನದ ರೊಕ್ಕವನ್ನೇ
ಅಡ್ವಾನ್ಸು ಕಟ್ಟಿದ್ದ, ಎಲ್ಲಿಂದ ತಂದನೋ.
ನಾಲ್ಕನೇ ದಿನ ಡಿಸ್ಚಾರ್ಜು. ಉಳಿದದ್ದು ವಾಪಸು ಕೊಟ್ಟೆ.
ಎರಡು ಸಲ ಎಣಿಸಿ ಹೋದ,
ಆಟೋ ನಿಲ್ಲಿಸಿ ಮತ್ತೆ ಬಂದ.
"ಸಾಹೇಬ್ರ, ಲೆಕ್ಕ ತಪ್ಪೈತ್ರಿ. ನಿಮ್ಮ ಪಗಾರದಾಗ ಹಿಡೀತಾರ, ತಗೋರಿ."

ಬಿಲ್ಲು ಕಡಿಮೆಯಾಯಿತೆಂದು
ಈ ಕಿಟಕಿಗೆ ಜಗಳಕ್ಕೆ ಬಂದವನು ಇವನೊಬ್ಬನೇ.
ಸರಿ ಇದೆ, ಹೋಗು ಎಂದೆ. ನಂಬಲಿಲ್ಲ.
ನಾನು ಇನ್ನೊಮ್ಮೆ ಕೂಡಿಸಲೆಂದು ಬೆಂಚಿನ ಮೇಲೆ ಕೂತ,
ಹೊರಗೆ ಆಟೋದವನು ಹಾರ್ನು ಹೊಡೆಯುತ್ತಿದ್ದರೂ.

ದರಪಟ್ಟಿಯ ಕೆಳಗೆ ಬಗ್ಗಿ ನೋಡಿದೆ.
ಕೈಗಿಂತ ಹತ್ತು ವರ್ಷ ಸಣ್ಣ ಪ್ರಾಯದ ಮುಖ.